ಊರಿನ ನಕ್ಷೆ ಊರಿನವರೇ ಬರೆಯಲಿ: ಹಳ್ಳಿ ಯೋಜನೆಗೆ ಜನರನ್ನು ಸೇರಿಸುವುದು ಹೇಗೆ

ಶಿರಾ, ಪಾವಗಡದ ಕಡೆ ನಾನು ಹಳ್ಳಿ ಸುತ್ತಲು ಶುರುಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಮೊದಲು ಜಲಾನಯನದ ಕೆಲಸ, ಆಮೇಲೆ ಪಂಚಾಯಿತಿ ಯೋಜನೆಯ ಕೆಲಸ. ಹೊಸದಾಗಿ ಗೆದ್ದ ಸದಸ್ಯರು, ಸಂಸ್ಥೆಗಳಿಗೆ ಈಗಷ್ಟೇ ಸೇರಿದ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಗ್ರಾಮಸಭೆಗೆ ಜನಾನೇ ಬರಲ್ಲ, ಏನ್ ಮಾಡೋದು?"

ಸಭೆ ಕೊನೆಗೆ ಬರುವ ಕೆಲಸ ಕಣ್ರೀ. ಅದಕ್ಕಿಂತ ಮುಂಚೆ ಮಾಡಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಊರಿನ ಗೋಮಾಳದಲ್ಲಿ, ಅಂದರೆ ಜಾನುವಾರು ಮೇಯಲು ಬಿಟ್ಟ ಸರ್ಕಾರಿ ಜಾಗದಲ್ಲಿ, ಹೊಂಗೆ, ಬೇವು ನೆಡುವುದು ಅಂತ ತೀರ್ಮಾನ ಆಯಿತು. ಪಹಣಿಯಲ್ಲಿ ಸರ್ಕಾರಿ ಜಾಗ ಅಂತಿತ್ತು. ಸಭೆ ಮಾಡಿದೆವು, ಎಲ್ಲರೂ ಕೈ ಎತ್ತಿದರು. ಸುತ್ತ ಟ್ರೆಂಚ್ ಹೊಡೆಸಿದೆವು. ಒಂದು ವಾರದೊಳಗೆ ಟ್ರೆಂಚ್ ಎರಡು ಕಡೆ ಮುಚ್ಚಿಹೋಗಿತ್ತು. ವಿಚಾರಿಸಿದಾಗ ಗೊತ್ತಾಯಿತು, ಅದು ಗೊಲ್ಲರಹಟ್ಟಿಯ ಕುರಿಗಳು ಕಟ್ಟೆಗೆ ನೀರು ಕುಡಿಯಲು ಹೋಗುವ ದಾರಿ. ಸಭೆ ನಡೆದ ದಿನ ಹಟ್ಟಿಯ ಗಂಡಸರು ಕುರಿ ಹೊಡೆದುಕೊಂಡು ದೂರ ಹೋಗಿದ್ದರು. ಹೆಂಗಸರನ್ನು ನಾವು ಕರೆದೇ ಇರಲಿಲ್ಲ. ಗಿಡಗಳಲ್ಲಿ ಉಳಿದದ್ದು ಕಡಿಮೆ. ಹಟ್ಟಿಯವರಿಗೆ ನಮ್ಮ ಮೇಲಿನ ನಂಬಿಕೆ ಅದಕ್ಕಿಂತ ಕಡಿಮೆ ಉಳಿಯಿತು.

ಪಹಣಿ ಜಮೀನು ಯಾರ ಹೆಸರಲ್ಲಿದೆ ಅಂತ ಹೇಳುತ್ತದೆ. ಆ ಜಮೀನನ್ನು ಯಾರು ಬಳಸುತ್ತಾರೆ ಅಂತ ಹೇಳುವುದಿಲ್ಲ. ಕುರಿ ಮೇಯಿಸುವವರು, ಪುಳ್ಳೆ ಆಯುವವರು, ಹುಣಸೆಹಣ್ಣು, ಸೀತಾಫಲ ಕಿತ್ತು ಸಂತೆಗೆ ಒಯ್ಯುವ ಹೆಂಗಸರು, ಇವರ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಊರಿನ ಜಮೀನಿನ ಬಗ್ಗೆ ಯೋಜನೆ ಮಾಡುವಾಗ ಮೊದಲು ಹುಡುಕಬೇಕಾದ್ದು ಇವರನ್ನು.

ಹಾಗಂತ ಕಾಗದ ಬೇಡ ಅಂತಲ್ಲ. ಊರಿಗೆ ಹೋಗುವ ಮುಂಚೆ ಮೂರು ಕಾಗದ ಕೈಯಲ್ಲಿರಲಿ. ಒಂದು, ಸರ್ವೆ ಇಲಾಖೆಯ ಗ್ರಾಮ ನಕ್ಷೆ. ಅದರಲ್ಲಿ ಜೋಡಿ ಚುಕ್ಕೆ ಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕೆ ಗೆರೆ ಇದ್ದರೆ ಕಾಲುದಾರಿ. ಎರಡು, ಸರ್ಕಾರಿ ಸರ್ವೆ ನಂಬರುಗಳ ಪಟ್ಟಿ: ಗೋಮಾಳ, ಗುಂಡುತೋಪು (ಊರಿನ ಮರಗಳ ತೋಪು), ಕೆರೆ, ಸ್ಮಶಾನ. ಖಾಸಗಿ ಜಮೀನಿನ ಪಹಣಿಯಲ್ಲಿ 'ಬಿ ಖರಾಬು' ಅಂತ ಇದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ದಾರಿ, ಹಳ್ಳ, ಕಾಲುವೆ ಅಂತ ಸಾರ್ವಜನಿಕರಿಗೆ ಬಿಟ್ಟ ಜಾಗ ಅದು. ಮೂರು, ಪಶು ಆಸ್ಪತ್ರೆಯಿಂದ ಊರಿನ ಜಾನುವಾರುಗಳ ಲೆಕ್ಕ. 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ 97ನೇ ನಿಯಮ ಅಂತ ಒಂದಿದೆ. ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಮೇಯಲು ಬಿಡಬೇಕು ಅಂತ ಅದು ಹೇಳುತ್ತದೆ. ಗೋಮಾಳದಲ್ಲಿ ಏನೇ ಮಾಡಲು ಹೊರಟರೂ ಮೊದಲು ಈ ಲೆಕ್ಕ ಹಾಕಿ. ಎಷ್ಟೋ ಊರಲ್ಲಿ ಈ ಒಂದು ಲೆಕ್ಕ ಹೇಳಿದ ಮೇಲೆ ಮಾತಿನ ದಿಕ್ಕೇ ಬದಲಾಗಿದ್ದನ್ನು ನೋಡಿದ್ದೇನೆ. ಕಾಗದ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಲೇಬೇಕು.

ಆಮೇಲೆ ಹೋಗುವ ಕಾಲ ನೋಡಿಕೊಳ್ಳಿ. ಪಂಚಾಯಿತಿಗಳ ಯೋಜನೆ ತಯಾರಿಸುವ ಜನಯೋಜನೆ ಅಭಿಯಾನ 2018ರಿಂದ ಅಕ್ಟೋಬರ್ 2ಕ್ಕೆ ಶುರುವಾಗುತ್ತಾ ಬಂದಿದೆ. ನಮ್ಮ ಕಡೆ ಅದು ಕಡಲೆಕಾಯಿ ಕೀಳುವ ಕಾಲ, ಹಿಂದೆಯೇ ರಾಗಿ ಕೊಯ್ಲು. ಆಗ ಹೋಗಿ "ಸಭೆಗೆ ಬನ್ನಿ" ಅಂದರೆ ಯಾರು ಬರುತ್ತಾರೆ? ಕುರಿಯವರು ಬೇರೆ ಕೊಯ್ಲು ಮುಗಿದ ಗದ್ದೆ ಹುಡುಕಿಕೊಂಡು ಹೊರಟರೆ ಮುಂಗಾರಿನವರೆಗೂ ವಾಪಸ್ ಬರುವುದಿಲ್ಲ. ಅದಕ್ಕೇ ನಾನು ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಮಾತುಕತೆ ಶುರುಮಾಡುತ್ತೇನೆ. ಹೊತ್ತು ಸಂಜೆ ಏಳರ ಮೇಲೆ. ಹೆಂಗಸರ ಜೊತೆ ಮಾತಾಡಬೇಕಾದರೆ ಮಧ್ಯಾಹ್ನ ಊಟ ಆದ ಮೇಲೆ ಒಂದು ಗಂಟೆ ಸಿಕ್ಕರೆ ಅದೇ ಪುಣ್ಯ.

ಎಲ್ಲರನ್ನೂ ಒಂದೇ ಕಡೆ ಕೂರಿಸಬೇಡಿ. ಹಟ್ಟಿಗೆ ಬೇರೆ ಹೋಗಿ, ಕಾಲೋನಿಗೆ ಬೇರೆ ಹೋಗಿ, ಊರ ನಡುವಿನ ಜಗುಲಿಗೆ ಬೇರೆ ಹೋಗಿ. ದೇವಸ್ಥಾನದ ಕಟ್ಟೆಯ ಮೇಲೆ ಸಭೆ ಇಟ್ಟರೆ ಯಾರು ಮೇಲೆ ಕೂರುತ್ತಾರೆ, ಯಾರು ದೂರ ನಿಲ್ಲುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಸರ್ಕಾರಿ ಶಾಲೆಯ ಅಂಗಳ, ಅಂಗನವಾಡಿ, ಮರದ ನೆರಳು ಇದ್ದರೆ ಸಾಕು. ನೀವೂ ಕುರ್ಚಿ ಹಾಕಿಸಿಕೊಳ್ಳಬೇಡಿ. ನೆಲದ ಮೇಲೆ ಕೂರಿ.

ಈಗ ನಕ್ಷೆ. ನನಗೆ ಬಹಳ ಇಷ್ಟದ ಕೆಲಸ ಇದು. ಇದಕ್ಕೆ ಬೇಕಾದ್ದು ಎರಡು ಸೇರು ರಂಗೋಲಿ ಪುಡಿ, ಸ್ವಲ್ಪ ಇಟ್ಟಿಗೆ ಪುಡಿ, ಬೂದಿ, ಒಂದು ಬುಟ್ಟಿ ಹುಣಸೆ ಬೀಜ, ಬೇವಿನ ಸೊಪ್ಪು. ನೆಲ ಗುಡಿಸಿ, ನೀರು ಚಿಮುಕಿಸಿ. "ನಮ್ಮೂರು ಬಿಡಿಸೋಣ, ಮೊದಲು ಎಲ್ಲಿಂದ ಶುರು ಮಾಡೋಣ?" ಅಂತ ಕೇಳಿ ಸುಮ್ಮನಾಗಿ. ಸುಮ್ಮನಿರುವುದು ಕಷ್ಟ. ಎರಡು ನಿಮಿಷ ಯಾರೂ ಮಾತಾಡದಿದ್ದರೆ ನಮಗೇ ಕೈ ಚಡಪಡಿಸುತ್ತದೆ. ತಡೆದುಕೊಳ್ಳಿ. ಪುಡಿ ನೀವು ಹಿಡಿದರೆ ಅದು ನಿಮ್ಮ ನಕ್ಷೆ ಆಗಿಬಿಡುತ್ತದೆ.

ಒಂದು ಹಟ್ಟಿಯಲ್ಲಿ ಹೀಗೇ ಆಯಿತು. ಶಾಲೆ ಓದಿದ ಹುಡುಗನೊಬ್ಬ ಚುರುಕಾಗಿ ರಸ್ತೆ, ಶಾಲೆ, ನೀರಿನ ಟ್ಯಾಂಕ್ ಎಲ್ಲಾ ಬರೆದ. ಚೆನ್ನಾಗೇ ಇತ್ತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದ ಅಜ್ಜ ಒಬ್ಬರು ಬಹಳ ಹೊತ್ತು ನೋಡಿ, "ಎಲ್ಲಾ ಐತೆ ಕಣಪ್ಪ, ನಮ್ ಕುರಿ ಹೋಗೋ ದಾರೀನೇ ಇಲ್ವಲ್ಲ" ಅಂದರು. "ನೀವೇ ಬರೀರಿ ಅಜ್ಜ" ಅಂದೆ. ಅವರು ಪುಡಿ ಮುಟ್ಟಲಿಲ್ಲ. ಕೈಯಲ್ಲಿದ್ದ ಕೋಲಿನಿಂದಲೇ ನೆಲಕ್ಕೆ ಗೀರು ಎಳೆಯುತ್ತಾ ಹೋದರು. ಹಟ್ಟಿಯಿಂದ ಗುಡ್ಡದ ಸಂದು, ಅಲ್ಲಿಂದ ಹಳ್ಳ, ಅಲ್ಲಿಂದ ಕಟ್ಟೆ. ಹುಡುಗ ಬರೆದಿದ್ದ ಹೊಸ ಚೆಕ್ ಡ್ಯಾಮಿನ ಗುರುತು ಬಂದಾಗ ಕೋಲು ಅಲ್ಲೇ ನಿಂತಿತು. "ಇಲ್ಲಿ ಕಟ್ಟಿದ್ರೆ ಕುರಿ ಎಲ್ಲಿ ಇಳೀಬೇಕು?" ಅಂದರು. ಹಿಂದೆ ಕೂತಿದ್ದ ಅಕ್ಕ ಒಬ್ಬರು ಎದ್ದು ಬಂದು ಹಳ್ಳದ ಮೇಲ್ಗಡೆ ಒಂದು ಬೇವಿನ ಎಸಳು ಇಟ್ಟರು. "ಇಲ್ಲಿ ಬಂಡೆ ಐತೆ. ನೀರೂ ನಿಲ್ತದೆ, ಕುರೀಗೂ ದಾರಿ ಬಿಡ್ತದೆ. ನಾವು ಬಟ್ಟೆ ಒಗೆಯೋ ಜಾಗ ಅದು."

ಎಂಜಿನಿಯರ್ ಆಮೇಲೆ ಬಂದು ಅಳತೆ ಮಾಡಿದರು, ಆ ಬಂಡೆಯ ಹತ್ತಿರವೇ ಜಾಗ ಗುರುತಾಯಿತು. ಇಬ್ಬರ ಅರಿವೂ ಬೇಕು. ಅಳತೆ, ಅಡಿಪಾಯ ಎಂಜಿನಿಯರ್ ಹೇಳಲಿ. ನೀರು ಯಾವ ತಿಂಗಳವರೆಗೆ ನಿಲ್ಲುತ್ತದೆ ಅನ್ನುವುದನ್ನು ಬಟ್ಟೆ ಒಗೆಯುವವರು ಹೇಳಲಿ.

ನಕ್ಷೆ ಮುಗಿದ ಮೇಲೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ದೊಡ್ಡ ಡ್ರಾಯಿಂಗ್ ಹಾಳೆಗೆ ಇಳಿಸಿ. ಮಾರನೇ ದಿನ ಬೆಳಿಗ್ಗೆ ಅದನ್ನು ಹಿಡಿದುಕೊಂಡು ನಡೆಯಿರಿ. ದಿಬ್ಬದಿಂದ ತಗ್ಗಿಗೆ, ಅಂದರೆ ಗುಡ್ಡದ ನೆತ್ತಿಯಿಂದ ಕೆರೆ ಅಂಗಳದವರೆಗೆ. ಜೊತೆಗೆ ಒಬ್ಬರು ಕುರಿಯವರು, ಒಬ್ಬರು ಹೊಲದವರು, ಕಡಿಮೆ ಅಂದರೆ ಇಬ್ಬರು ಹೆಂಗಸರು, ಊರಿಗೆ ನೀರು ಬಿಡುವ ನೀರುಗಂಟಿ. ದಿಶಾಂಕ್ ಆ್ಯಪ್ ಇದ್ದರೆ ನಿಂತ ಜಾಗದ ಸರ್ವೆ ನಂಬರ್ ಅಲ್ಲೇ ಗೊತ್ತಾಗುತ್ತದೆ. ಒತ್ತುವರಿ ಕಂಡರೆ ಅಲ್ಲೇ ಜಗಳಕ್ಕೆ ನಿಲ್ಲಬೇಡಿ, ಗುರುತು ಮಾಡಿಕೊಂಡು ಮುಂದೆ ಹೋಗಿ. ಒತ್ತಿಕೊಂಡವರಲ್ಲಿ ಅರ್ಧ ಎಕರೆಯ ಬಡವರೂ ಇರುತ್ತಾರೆ, ಹತ್ತು ಎಕರೆಯ ದೊಡ್ಡವರೂ ಇರುತ್ತಾರೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಒಪ್ಪುವುದಿಲ್ಲ. ಅದು ಊರೇ ಕೂತು ಮಾತಾಡಬೇಕಾದ ವಿಷಯ.

ಯಾವ ಕೆಲಸ ಮೊದಲು ಅನ್ನುವುದಕ್ಕೆ ಕೈ ಎತ್ತಿಸಬೇಡಿ. ಊರ ಯಜಮಾನರು ಎತ್ತಿದ ಕಡೆಗೇ ಎಲ್ಲಾ ಕೈ ಏಳುತ್ತವೆ. ಕೆಲಸಕ್ಕೊಂದು ಚಿತ್ರ ಬರೆದು ಸಾಲಾಗಿ ಇಡಿ, ಒಂದೊಂದರ ಪಕ್ಕ ಒಂದೊಂದು ಮಡಕೆ. ಒಬ್ಬೊಬ್ಬರಿಗೆ ಐದು ಹುಣಸೆ ಬೀಜ. ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ ಸರದಿ ಮಾಡಿ, ಎಣಿಕೆಯನ್ನೂ ಬೇರೆ ಬೇರೆ ಬರೆದಿಡಿ. ಗಂಡಸರ ಮಡಕೆಯಲ್ಲಿ ಸಮುದಾಯ ಭವನ, ಹೆಂಗಸರ ಮಡಕೆಯಲ್ಲಿ ಚರಂಡಿ, ನೀರು, ಸ್ಮಶಾನದ ದಾರಿ. ನಾನು ಕಂಡಂತೆ ಜಾಸ್ತಿ ಊರುಗಳಲ್ಲಿ ಹೀಗೇ.

ಇಷ್ಟಾದ ಮೇಲೆ ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ನಮ್ಮ ಪಂಚಾಯತ್ ರಾಜ್ ಕಾಯ್ದೆ 1993ರದ್ದು, ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಇಲ್ಲಿ ಬಾಯಿಮಾತು ಸಾಲದು. ಪ್ರತಿ ಬೇಡಿಕೆಯನ್ನೂ ಜಾಗ, ಸರ್ವೆ ನಂಬರ್ ಸಮೇತ ಬರೆದು ಕೊಡಿ. ಸಹಿ, ಹೆಬ್ಬೆಟ್ಟು ಹಾಕಿಸಿ. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅವರ ಹತ್ತಿರ ಸ್ವೀಕೃತಿ ತೆಗೆದುಕೊಳ್ಳಿ. ಸಭೆ ಮುಗಿದ ಕೂಡಲೇ ನಡಾವಳಿ ಓದಿ ಹೇಳಿ ಅಂತ ಕೇಳಿ. ಖಾಲಿ ಪುಸ್ತಕಕ್ಕೆ ಮೊದಲೇ ಸಹಿ ಹಾಕಿಸುವ ಅಭ್ಯಾಸ ಕಂಡರೆ "ಬರೆದ ಮೇಲೆ ಹಾಕ್ತೀವಿ ಸಾರ್" ಅಂತ ಎಲ್ಲರೂ ಒಟ್ಟಿಗೆ ಹೇಳಿ. ಒಬ್ಬರೇ ಹೇಳಿದರೆ ಅವರ ಮೇಲೆ ಕಣ್ಣು ಬೀಳುತ್ತದೆ. ಅಂತಿಮ ಯೋಜನೆ ಇ-ಗ್ರಾಮಸ್ವರಾಜ್ ಜಾಲತಾಣಕ್ಕೆ ಹೋಗುತ್ತದೆ. ಊರಿನ ಓದುವ ಮಕ್ಕಳಿಗೆ ಅದನ್ನು ತೆಗೆದು ನೋಡುವುದು ಕಲಿಸಿ. ನಡಾವಳಿಯಲ್ಲಿದ್ದ ಕೆಲಸ ಅಲ್ಲಿ ಇದೆಯಾ ಅಂತ ಅವರೇ ತಾಳೆ ನೋಡಲಿ.

ಕೇಳಿದ್ದೆಲ್ಲಾ ಒಂದೇ ವರ್ಷದಲ್ಲಿ ಆಗುವುದಿಲ್ಲ. ಅದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿ. ಅಂಗನವಾಡಿ ಗೋಡೆಯ ಮೇಲೆ ಎಲ್ಲಾ ಕೆಲಸಗಳನ್ನೂ ಬರೆಸಿ: ಯಾವುದು ಒಪ್ಪಿಗೆ ಆಯಿತು, ಎಷ್ಟು ಹಣ, ಯಾವುದು ಆಗಲಿಲ್ಲ, ಯಾಕೆ ಆಗಲಿಲ್ಲ. ಆಗದ ಕೆಲಸದ ಕಾರಣ ಬರೆಸುವುದಕ್ಕೆ ಪಂಚಾಯಿತಿಯವರು ಹಿಂದೇಟು ಹಾಕಬಹುದು. ಬಿಡಬೇಡಿ. ಜನ ಸಿಟ್ಟಾಗುವುದು ಕೆಲಸ ಆಗದಿದ್ದಕ್ಕಿಂತ ಜಾಸ್ತಿ, ಯಾರೂ ಬಂದು ಹೇಳದಿದ್ದಕ್ಕೆ.

ಆ ಡ್ರಾಯಿಂಗ್ ಹಾಳೆಯ ನಕ್ಷೆಯನ್ನು ನೀವು ತೆಗೆದುಕೊಂಡು ಹೋಗಬೇಡಿ. ನಿಮಗೆ ಒಂದು ಫೋಟೋ ಸಾಕು. ಹಾಳೆ ಊರಲ್ಲೇ ಇರಲಿ, ಸಂಘದ ಪೆಟ್ಟಿಗೆಯಲ್ಲೋ ಅಂಗನವಾಡಿ ಬೀರುವಿನಲ್ಲೋ. ಆ ಹಟ್ಟಿಗೆ ನಾನು ಮುಂದಿನ ಮುಂಗಾರಿನಲ್ಲಿ ಹೋದಾಗ ನಕ್ಷೆಯ ಅಂಚು ಹರಿದಿತ್ತು, ಬಟ್ಟೆ ಅಂಟಿಸಿ ಸರಿಮಾಡಿದ್ದರು. ಕುರಿದಾರಿಯ ಗೆರೆಯ ಪಕ್ಕ ಯಾರೋ ಹಸಿರು ಪೆನ್ನಿನಲ್ಲಿ ಇನ್ನೊಂದು ದಾರಿ ಸೇರಿಸಿದ್ದರು.