1889ರ ಯುರೋಪನ್ನು ಮಡಿಕೇರಿಯ ಒಂದು ಕೋಣೆಯಲ್ಲಿ ಕಟ್ಟುವುದು ಹೇಗೆ

ಶಾಲೆಯ ಸಭಾಂಗಣವೋ ಗ್ರಂಥಾಲಯದ ಕೋಣೆಯೋ ಸಿಕ್ಕರೆ, 27 ಅಡಿ ಉದ್ದದ ಒಂದು ಗೋಡೆ ಮತ್ತು ಆರು ಚಿತ್ರಗಳಲ್ಲಿ ಆ ವರ್ಷವನ್ನು ತೋರಿಸಬಹುದು. ಐವತ್ತು ಚಿತ್ರಗಳನ್ನು ಎ3 ಹಾಳೆಗೆ ಇಳಿಸಿ ನೇತುಹಾಕಿದರೆ ನೋಡುವವರು ಹತ್ತನೆಯದಕ್ಕೇ ಸುಸ್ತಾಗುತ್ತಾರೆ. ಮೂಲದ ಅಳತೆಯಲ್ಲೇ ಮುದ್ರಿಸಿ, ಕಲಾವಿದರ ಹೆಸರಿನ ಪ್ರಕಾರವಲ್ಲ, ತಿಂಗಳ ಕ್ರಮದಲ್ಲಿ ಜೋಡಿಸಿ. ಇವೆರಡು ಸರಿಯಾದರೆ ಉಳಿದ ಸಣ್ಣಪುಟ್ಟ ಕೊರತೆ ಕಾಣುವುದಿಲ್ಲ.

ಫೆಬ್ರವರಿ ಮೊದಲ ಎರಡು ವಾರ ಇಲ್ಲಿಗೆ ಹೊಂದುವ ಕಾಲ. ಪುತ್ತರಿ ಕಳೆದಿರುತ್ತದೆ, ಪರೀಕ್ಷೆ ಶುರುವಾಗಿರುವುದಿಲ್ಲ, ಗೋಡೆ ಒಣಗಿರುತ್ತದೆ. ರೊಬಸ್ಟಾ ಕೊಯ್ಲು ಇನ್ನೂ ನಡೆಯುವ ಕಡೆ ಭಾನುವಾರವೇ ಉದ್ಘಾಟನೆ ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ.

ಗೋಡೆಯ ಎಡ ತುದಿಯಲ್ಲಿ ಜನವರಿ: ಡಚ್ ಚಿತ್ರಕಾರ ವ್ಯಾನ್ ಗೋ ದಕ್ಷಿಣ ಫ್ರಾನ್ಸಿನ ಆರ್ಲ್‌ನಲ್ಲಿ ಬರೆದ, ಕಿವಿಗೆ ಪಟ್ಟಿ ಕಟ್ಟಿದ ಸ್ವಚಿತ್ರ (60.5 × 50 ಸೆಂ.ಮೀ., ಮೊದಲು ಎತ್ತರ, ಆಮೇಲೆ ಅಗಲ). ಮಾರ್ಚ್ 31ಕ್ಕೆ ಐಫೆಲ್ ಗೋಪುರದ ಉದ್ಘಾಟನೆ. ಅಲ್ಲಿ ಫ್ರೆಂಚ್ ಚಿತ್ರಕಾರ ಸೆರಾನ ಪುಟ್ಟ ಐಫೆಲ್ ಚಿತ್ರ, ಬರೀ 24 × 15 ಸೆಂ.ಮೀ. ಮುಂದಿನದು ಮೇ, ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಜಾಗ. ಮೇ 6ರಂದು ಪ್ಯಾರಿಸ್‌ನಲ್ಲಿ ಫ್ರೆಂಚ್ ಕ್ರಾಂತಿಯ ನೂರನೇ ವರ್ಷದ ಮಹಾ ಪ್ರದರ್ಶನ ತೆರೆಯಿತು. ಮೇ 8ರಂದು ವ್ಯಾನ್ ಗೋ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಗೆ ತಾನಾಗಿಯೇ ಸೇರಿದ. ಈ ಎರಡು ದಿನಾಂಕಗಳನ್ನು ಒಂದೇ ಫಲಕದಲ್ಲಿ, ಒಂದರ ಕೆಳಗೊಂದು ದಪ್ಪ ಅಕ್ಷರದಲ್ಲಿ ಬರೆಯಿರಿ, ವಿವರಣೆ ಬೇಡ. ಪಕ್ಕದಲ್ಲಿ ಆಸ್ಪತ್ರೆಯ ತೋಟದ ಐರಿಸ್ ಹೂಗಳು (74.3 × 94.3), ಆಮೇಲೆ ಜೂನ್‌ನ ನಕ್ಷತ್ರಗಳ ರಾತ್ರಿ (73.7 × 92.1). ಆ ಚಿತ್ರದ ಊರು ಅವನ ಕಿಟಕಿಯಿಂದ ಕಾಣುತ್ತಿರಲಿಲ್ಲ ಎಂಬ ಮಾತು ಫಲಕದಲ್ಲಿರಲಿ. ಜನ ಮತ್ತೊಮ್ಮೆ ತಿರುಗಿ ನೋಡುತ್ತಾರೆ. ಸೆಪ್ಟೆಂಬರ್‌ಗೆ ವ್ಯಾನ್ ಗೋನದೇ ‘ಮಲಗುವ ಕೋಣೆ’ (73.6 × 92.3), ಶರತ್ಕಾಲಕ್ಕೆ ಫ್ರೆಂಚ್ ಚಿತ್ರಕಾರ ಗೋಗ್ಯಾನ ‘ಹಳದಿ ಕ್ರಿಸ್ತ’ (92.1 × 73.3). ಆರು ಚಿತ್ರಗಳ ಅಗಲ 417 ಸೆಂ.ಮೀ., ನಡುವೆ 60 ಸೆಂ.ಮೀ. ಅಂತರ ಐದು, ಎರಡೂ ತುದಿಗೆ 50. ಒಟ್ಟು 817 ಸೆಂ.ಮೀ.

ದಿನಾಂಕದಲ್ಲಿ ಎಡವುವವರೇ ಹೆಚ್ಚು. ಮಲಗುವ ಕೋಣೆಗೆ ಮೂರು ಆವೃತ್ತಿಗಳಿವೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿರುವುದು 1888ರ ಅಕ್ಟೋಬರ್‌ನದು, ನಿಮಗೆ ಬೇಕಾದದ್ದು ಷಿಕಾಗೋದ್ದು. ರೋನ್ ನದಿಯ ಮೇಲಿನ ನಕ್ಷತ್ರಗಳ ಚಿತ್ರವೂ 1888ರದೇ. ಪ್ಯಾರಿಸ್‌ನ ನೃತ್ಯಶಾಲೆ ಮೂಲಾಂ ರೂಜ್ ತೆರೆದದ್ದು 1889ರ ಅಕ್ಟೋಬರ್ 6ರಂದು, ಆದರೆ ಅದಕ್ಕಾಗಿ ಚಿತ್ರಕಾರ ತುಲೂಸ್ ಲೊತ್ರೆಕ್ ಮಾಡಿದ ಹೆಸರಾಂತ ಪೋಸ್ಟರ್ 1891ರದು. ಚೆನ್ನಾಗಿದೆ ಎಂದು ಅದನ್ನು ತೂಗುಹಾಕಿದರೆ ಒಂದು ವರ್ಷದ ಪ್ರದರ್ಶನ ಎಂಬ ಮಾತೇ ಸುಳ್ಳಾಗುತ್ತದೆ.

ಕಡತಗಳನ್ನು ವಸ್ತುಸಂಗ್ರಹಾಲಯಗಳ ತಾಣದಿಂದಲೇ ಇಳಿಸಿಕೊಳ್ಳಿ. ಅಮೆರಿಕದ ಗೆಟ್ಟಿ ವಸ್ತುಸಂಗ್ರಹಾಲಯದ ಐರಿಸ್, ಷಿಕಾಗೋದ ಮಲಗುವ ಕೋಣೆ ಉಚಿತ. ಬೇರೆಡೆ ಸಿಗುವ ಪ್ರತಿಗಳಲ್ಲಿ ನೀಲಿ ಬಣ್ಣವನ್ನು ಕಣ್ಣು ಕುಕ್ಕುವಷ್ಟು ಏರಿಸಿರುತ್ತಾರೆ. ನಕ್ಷತ್ರಗಳ ರಾತ್ರಿಯನ್ನು ಮೂಲದ ಅಳತೆಯಲ್ಲಿ 150 ಡಿಪಿಐಗೆ (ಇಂಚಿಗೆ 150 ಚುಕ್ಕೆ) ಮುದ್ರಿಸಲು ಅಗಲಕ್ಕೆ ಸುಮಾರು 5,440, ಎತ್ತರಕ್ಕೆ 4,350 ಪಿಕ್ಸೆಲ್ ಬೇಕು. ಎ1 ಹಾಳೆಗೆ ಅದು ಹಿಡಿಯುವುದಿಲ್ಲ, 3 ಅಡಿ ರೋಲ್ ಕೇಳಿ. ಫ್ಲೆಕ್ಸ್ ಬೇಡ, ಹೊಳಪಿಗೆ ಟ್ಯೂಬ್‌ಲೈಟೇ ಎದ್ದು ಕಾಣುತ್ತದೆ. ಅಂಟಿರುವ ವಿನೈಲ್, ಮೇಲೆ ಮ್ಯಾಟ್ ಲ್ಯಾಮಿನೇಶನ್, ಕೆಳಗೆ 5 ಮಿ.ಮೀ. ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ). ಹಿಂಬದಿಗೂ ಬಿಳಿ ವಿನೈಲ್ ಅಂಟಿಸಲು ಹೇಳಿ. ಒಂದೇ ಕಡೆ ಅಂಟಿಸಿದರೆ ಬೋರ್ಡ್ ಬಿಲ್ಲಿನಂತೆ ಬಾಗುತ್ತದೆ. ಮುದ್ರಕರು ಚೌಕಟ್ಟಿಗೆ ಹೊಂದಿಸಲು ಚಿತ್ರವನ್ನು ಎಳೆಯುವುದುಂಟು, ಅದಕ್ಕೆ ಬಿಡಬೇಡಿ. ಮೊದಲು 10 ಸೆಂ.ಮೀ. ಪಟ್ಟಿಯೊಂದನ್ನು ಮುದ್ರಿಸಿ, ಹಗಲು ಬೆಳಕಿನಲ್ಲಿ ನೀಲಿಯನ್ನು ನೋಡಿಯೇ ಪೂರ್ತಿ ಮುದ್ರಣಕ್ಕೆ ಒಪ್ಪಿಗೆ ಕೊಡಿ.

ಮಳೆ ಹೊಡೆಯುವ ನೈಋತ್ಯದ ಹೊರಗೋಡೆಗೆ ಏನನ್ನೂ ತೂಗುಹಾಕಬೇಡಿ. ಒಳಗೋಡೆಗೂ ಬೋರ್ಡಿಗೂ ನಡುವೆ 2 ಸೆಂ.ಮೀ. ಗಾಳಿಯಾಡಲಿ. ವಿವರಣೆಯ ಹಾಳೆಗಳಿಗೆ ಮೈದಾ ಅಂಟು ಬಳಸಿದರೆ ಬೂಷ್ಟು, ಕಾಗದ ತಿನ್ನುವ ಬೆಳ್ಳಿಮೀನು ಹುಳು ಎರಡೂ ಖಂಡಿತ. ಚಿತ್ರದ ನಡುಬಿಂದು ನೆಲದಿಂದ 145 ಸೆಂ.ಮೀ. ಎತ್ತರದಲ್ಲಿರಲಿ, ಪ್ರಾಥಮಿಕ ಶಾಲೆಯಾದರೆ 125. ಅಕ್ಷರ 24 ಪಾಯಿಂಟ್, ಫಲಕಕ್ಕೆ 60 ಪದ ಮೀರದಿರಲಿ. ಕರೆಂಟು ಹೋಗುವುದು ಹೊಸದೇನಲ್ಲ, ಕಿಟಕಿ ಬೆಳಕು ಪಕ್ಕದಿಂದ ಬೀಳುವ ಗೋಡೆಯನ್ನೇ ಆರಿಸಿ.

ಐಫೆಲ್ ಗೋಪುರವನ್ನು 1:100ರಲ್ಲಿ ಸನ್‌ಬೋರ್ಡಿನಿಂದ ಕತ್ತರಿಸಿದರೆ 300 ಮೀಟರ್ 3 ಮೀಟರಾಗಿ ಹತ್ತಡಿ ಎತ್ತರದ ಕೋಣೆಯೊಳಗೆ ನಿಲ್ಲುತ್ತದೆ. ಬುಡ 1.25 ಮೀ., ಮೊದಲ ಅಂತಸ್ತು 57 ಸೆಂ.ಮೀ.ಗೆ, ಎರಡನೆಯದು 1.15 ಮೀ.ಗೆ. ನಾಲ್ಕಡಿ ಶೀಟಿಗಿಂತ ಬುಡ 3 ಸೆಂ.ಮೀ. ಅಗಲ, ಹಾಗಾಗಿ ಕೆಳಭಾಗವನ್ನು ಎರಡು ಹೋಳು ಮಾಡಿ ಎರಡನೇ ಅಂತಸ್ತಿನಲ್ಲಿ ಮೇಲ್ಭಾಗ ಜೋಡಿಸಿ. ಕಾಲ ಬಳಿ 1.7 ಸೆಂ.ಮೀ. ಎತ್ತರದ ಮನುಷ್ಯನೊಬ್ಬ ಇರಲೇಬೇಕು.

ಸಂಗೀತಕ್ಕೆ ಆಸ್ಟ್ರಿಯಾದ ಸಂಗೀತಗಾರ ಮಾಹ್ಲರ್‌ನ ಮೊದಲ ಸಿಂಫನಿ, 1889ರ ನವೆಂಬರ್ 20ರಂದು ಬುಡಾಪೆಸ್ಟ್‌ನಲ್ಲಿ ಮೊದಲು ನುಡಿಸಿದ್ದು. ಅಂದು ಐದು ಭಾಗಗಳಿದ್ದವು. ಆಮೇಲೆ ಕೈಬಿಟ್ಟ ‘ಬ್ಲೂಮಿನೆ’ ಭಾಗವೂ ಇರುವ ಧ್ವನಿಮುದ್ರಣ ಸಿಕ್ಕರೆ ಒಳ್ಳೆಯದು. ಶವಯಾತ್ರೆಯ ನಡೆಯ ಭಾಗದಲ್ಲಿ ರಾಗ ಶುರುವಾಗುವುದು ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯದಲ್ಲಿ, ಅದು ಕಾನ್ವೆಂಟ್ ಮಕ್ಕಳು ಹಾಡುವ ‘ಫ್ರೇರ್ ಜಾಕ್’ ಧಾಟಿಯೇ. ಮಕ್ಕಳು ಗುರುತಿಸಿ ಒಬ್ಬರ ಮುಖ ಒಬ್ಬರು ನೋಡುವ ಆ ಗಳಿಗೆಗಾಗಿಯೇ ಇದನ್ನು ಹಾಕಬೇಕು. ಮೊಬೈಲ್ ಸ್ಪೀಕರ್‌ನಲ್ಲಿ ಆ ಕೆಳಸ್ವರ ಕೇಳಿಸುವುದೇ ಇಲ್ಲ, ವೂಫರ್ ಇರುವ ಪೆಟ್ಟಿಗೆ ತನ್ನಿ. ಅದೇ ಪ್ಯಾರಿಸ್ ಪ್ರದರ್ಶನದಲ್ಲಿ ಫ್ರೆಂಚ್ ಸಂಗೀತಗಾರ ದೆಬ್ಯುಸಿ ಕೇಳಿ ಬೆರಗಾದ ಜಾವಾದ ಗಾಮೆಲಾನ್ (ಕಂಚಿನ ಜಾಗಟೆಗಳ ವಾದ್ಯಮೇಳ) ವಾದನ ಐದು ನಿಮಿಷ ಸಾಕು.

ಮುಗಿದ ಮೇಲೆ ಬೋರ್ಡ್‌ಗಳ ನಡುವೆ ಬಟರ್ ಪೇಪರ್ ಇಟ್ಟು, ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ ಮಲಗಿಸಿ, ಹತ್ತಿ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಸುತ್ತಿದರೆ ಜುಲೈ ಹೊತ್ತಿಗೆ ಒಳಗೇ ತೇವ ಕೂತಿರುತ್ತದೆ.