ಅಂಗೈಯಲ್ಲಿ ಹಿಡಿದು ಮಾಡುವ ಪೂಜೆ

ನಾವು ಲಿಂಗಾಯತರು ಮೈಮೇಲೆ ಧರಿಸುವ ಪುಟ್ಟ ಲಿಂಗವಾದ ಇಷ್ಟಲಿಂಗದ ಪೂಜೆಯನ್ನು ಬೇರೆಯವರ ಕೈಯಿಂದ ಮಾಡಿಸಲು ಬರುವುದಿಲ್ಲ. ಗುಡಿಯಲ್ಲಾದರೆ ಹೆಸರು, ನಕ್ಷತ್ರ ಹೇಳಿ ಹಣ್ಣುಕಾಯಿ ಕೊಟ್ಟು ಕೈಮುಗಿದು ನಿಂತರೆ ಸಾಕು, ಅರ್ಚಕರು ಪೂಜೆ ಮುಗಿಸಿ ಪ್ರಸಾದ ಕೊಡುತ್ತಾರೆ. ನಮ್ಮಲ್ಲಿ ಹಾಗಿಲ್ಲ. ತಾನು ಉಣ್ಣುವ ಊಟವನ್ನು ಹೇಗೆ ಇನ್ನೊಬ್ಬರಿಗೆ ವಹಿಸಲಾಗದೋ ಹಾಗೆ ತನ್ನ ಲಿಂಗಕ್ಕೆ ಮಾಡುವ ನಿತ್ಯನೇಮವನ್ನೂ ವಹಿಸಲಾಗದು ಎಂದು ಬಸವಣ್ಣನವರು 12ನೇ ಶತಮಾನದಲ್ಲೇ ಬಿಡಿಸಿ ಹೇಳಿದ್ದಾರೆ. ಆ ಮಾತನ್ನು ಚಿಕ್ಕವಳಿದ್ದಾಗಿನಿಂದ ಕೇಳುತ್ತ ಬಂದಿದ್ದೆ. ಅದರ ಭಾರ ತಿಳಿದದ್ದು ಲಿಂಗವನ್ನು ದಿನವೂ ಅಂಗೈಗೆ ತೆಗೆದುಕೊಳ್ಳತೊಡಗಿದ ಮೇಲೆ.

ನಮ್ಮದು ಧಾರವಾಡದ ಕಡೆಯ ಒಕ್ಕಲುತನದ ಮನೆ. ಮಗು ಹುಟ್ಟಿದಾಗ ನಮ್ಮ ಪುರೋಹಿತರಾದ ಅಯ್ಯನವರನ್ನು ಕರೆಸಿ ಲಿಂಗ ಕಟ್ಟಿಸುತ್ತಾರೆ. ಮಗು ಬೆಳೆದು ಶಾಲೆಗೆ ಹೋಗುವಷ್ಟರಲ್ಲಿ ಆ ಲಿಂಗ ಕೊರಳಿನಿಂದ ಇಳಿದು ದೇವರ ಜಗಲಿ ಸೇರಿರುತ್ತದೆ. ಎಷ್ಟೋ ಮನೆಗಳ ಜಗಲಿಯ ಮೇಲೆ ಹೀಗೆ ಲಿಂಗವಿಡುವ ಬೆಳ್ಳಿಯ ಕರಡಿಗೆಗಳು ಸಾಲಾಗಿ ಇರುತ್ತವೆ. ಹಬ್ಬ ಬಂದಾಗ ಅವಕ್ಕೆ ವಿಭೂತಿ, ಹೂವು. ನಾನು ನೌಕರಿಗೆಂದು ಬೆಂಗಳೂರು ಸೇರಿದ ಮೇಲೆ, ಒಮ್ಮೆ ರಜೆಗೆ ಊರಿಗೆ ಹೋದಾಗ ಮಠದ ಅಜ್ಜನವರ ಮುಂದೆ ಕುಳಿತು ದೀಕ್ಷೆ ಕೇಳಿದೆ. ಅವರು ತಲೆಯ ಮೇಲೆ ಹಸ್ತವಿಟ್ಟು, ಕಿವಿಯಲ್ಲಿ ಓಂ ನಮಃ ಶಿವಾಯ ಎಂಬ ಷಡಕ್ಷರಿ ಮಂತ್ರ ಹೇಳಿ, ಲಿಂಗವನ್ನು ನನ್ನ ಎಡಗೈಯಲ್ಲಿಟ್ಟರು. "ಮೊದಲು ಕಣ್ಣು ನಿಲ್ಲಲಿ ತಂಗಿ, ಬೇಡಿಕೊಳ್ಳುವುದೆಲ್ಲ ಆಮೇಲೆ" ಎಂದರು.

ನಾನು ಪೂಜೆ ಮಾಡುವ ಕ್ರಮ ಸರಳ. ಸ್ನಾನವಾದ ಮೇಲೆ ಹಣೆಗೆ ವಿಭೂತಿ ಧರಿಸಿ, ರುದ್ರಾಕ್ಷಿ ಹಾಕಿಕೊಂಡು ಮಣೆಯ ಮೇಲೆ ಕೂರುತ್ತೇನೆ. ಲಿಂಗವನ್ನು ಕರಡಿಗೆಯಿಂದ ತೆಗೆದು, ಸುತ್ತಿದ ವಸ್ತ್ರ ಬಿಚ್ಚಿ, ಅಂಗೈಗೆ ವಿಭೂತಿ ಸವರಿ ಅದರ ಮೇಲೆ ಇರಿಸಿಕೊಳ್ಳುತ್ತೇನೆ. ಎಡಗೈಯೇ ಇಲ್ಲಿ ಪೀಠ, ಬಲಗೈ ಸೇವೆಗೆ. ಮಜ್ಜನ ಮಾಡಿಸಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ವಿಭೂತಿ, ಗಂಧ, ಅಕ್ಷತೆ, ಬಿಲ್ವಪತ್ರೆ ಏರಿಸಿ ಧೂಪ ದೀಪ ಬೆಳಗುತ್ತೇನೆ. ಪತ್ರೆ ಸಿಗದ ದಿನ ಒಂದು ಹೂವು. ಹೂವೂ ಇಲ್ಲದಿದ್ದರೆ ನೀರು, ವಿಭೂತಿ ಇದ್ದೇ ಇರುತ್ತವೆ. ಸಾಮಗ್ರಿ ಹೆಚ್ಚಿದಷ್ಟೂ ಪೂಜೆ ದೊಡ್ಡದಾಗುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಇದೆಲ್ಲ ಸ್ವಲ್ಪ ಹೊತ್ತಿನ ಕೆಲಸ. ನನಗೆ ಪೂಜೆ ಮೊದಲಾಗುವುದು ಪತ್ರೆ, ಹೂವು ತೆಗೆದಿಟ್ಟ ಮೇಲೆ.

ಆಗ ಅಂಗೈಯಲ್ಲಿ ಉಳಿಯುವುದು ಕರಿಯ ಲಿಂಗ ಮಾತ್ರ. ಒಳಗೆ ಪುಟ್ಟ ಕಲ್ಲಿನ ಲಿಂಗ, ಅದರ ಮೇಲೆ ಭಸ್ಮವನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿ ಗಟ್ಟಿಗೊಳಿಸಿದ ನುಣುಪಾದ ಕಂತಿ. ಅದಕ್ಕೆ ಕಣ್ಣಿಲ್ಲ, ಮುಖವಿಲ್ಲ, ಆಯುಧವಿಲ್ಲ, ಮನಸ್ಸು ಕಥೆ ಕಟ್ಟಿಕೊಂಡು ಅಲೆಯಲು ಏನೂ ಇಲ್ಲ. ಎಣ್ಣೆಯ ದೀಪವನ್ನು ನನ್ನ ಹೆಗಲಿನಿಂದ ತುಸು ಹಿಂದೆ, ಪಕ್ಕಕ್ಕೆ ಇಡುತ್ತೇನೆ. ಅದರ ಬೆಳಕು ಲಿಂಗದ ನೆತ್ತಿಯ ಮೇಲೆ ಬಿಂದುವಾಗಿ ಬೀಳುತ್ತದೆ. ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿ, ಆ ಬಿಂದುವನ್ನು ಎವೆಯಿಕ್ಕದೆ ನೋಡಬೇಕು. ಹಿರಿಯರು ಇದನ್ನು ಅನಿಮಿಷ ದೃಷ್ಟಿ ಎನ್ನುತ್ತಾರೆ.

ಮೊದಮೊದಲು ತೋಳು ನಡುಗುತ್ತಿತ್ತು. ಮೊಣಕೈ ಕೆಳಗೆ ಒಂದು ದಿಂಬು ಇಟ್ಟುಕೊಳ್ಳಲು ಅಜ್ಜನವರೇ ಹೇಳಿದರು, ಈಗಲೂ ಇಟ್ಟುಕೊಳ್ಳುತ್ತೇನೆ. ಕಣ್ಣಲ್ಲಿ ನೀರು ಬಂದರೆ ಎವೆ ಮುಚ್ಚಿ, ಕಣ್ಣೊಳಗೆ ಉಳಿದ ಬೆಳಕನ್ನು ನೋಡಿ, ಮತ್ತೆ ತೆರೆಯುತ್ತೇನೆ. ಬಲವಂತ ಮಾಡಿ ಕಣ್ಣನ್ನು ದಣಿಸಬಾರದು. ಮನಸ್ಸಿನದು ಬೇರೆಯೇ ಹಟ. ಕಚೇರಿಯ ಕಡತ, ಮನೆ ಬಾಡಿಗೆ, ಯಾರೋ ಆಡಿದ ಚುಚ್ಚುಮಾತು ಎಲ್ಲವೂ ಅದೇ ಹೊತ್ತಿಗೆ ಬಂದು ನಿಲ್ಲುತ್ತವೆ. ಅವನ್ನು ಓಡಿಸುವ ಗೋಜಿಗೆ ಹೋಗದೆ ಉಸಿರಿನ ಜೊತೆ ಮಂತ್ರ ಹೇಳುತ್ತ ಬಿಂದುವಿಗೆ ಮರಳುತ್ತೇನೆ. ಯಾವುದೋ ಒಂದು ಗಳಿಗೆಯಲ್ಲಿ ಲಿಂಗದ ಅಂಚು ಕರಗಿದಂತಾಗಿ, ನೋಡುವವಳು ನಾನು ಎಂಬ ಎಚ್ಚರ ಹಗುರಾಗುತ್ತದೆ. ದಿನವೂ ಹಾಗಾಗುವುದಿಲ್ಲ. ಆದ ದಿನ ಮಾತ್ರ ನನ್ನ ಸಿಟ್ಟಿನ ತಾಪ ಸಂಜೆಯವರೆಗೂ ತಗ್ಗಿರುತ್ತದೆ, ಅದನ್ನು ಮನೆಯವರೂ ಗುರುತಿಸುತ್ತಾರೆ. ಕೊನೆಗೆ ಲಿಂಗಕ್ಕೆರೆದ ನೀರನ್ನು ಸ್ವೀಕರಿಸಿ, ಅಂದಿನ ಉಪಾಹಾರವನ್ನು ತೋರಿಸಿ ಅರ್ಪಿಸಿ ಆಮೇಲೆ ಉಣ್ಣುತ್ತೇನೆ. ಅರ್ಪಿಸಿದ ಅನ್ನ ಪ್ರಸಾದವಾಗುವುದರಿಂದ ತಟ್ಟೆಯಲ್ಲಿ ಬಿಡಲು ಮನಸ್ಸು ಒಪ್ಪುವುದಿಲ್ಲ. ಅಡುಗೆ ಸಪ್ಪೆಯಾಯಿತು ಎಂದು ಗೊಣಗುವುದೂ ಹಾಗೆಯೇ ನಿಂತುಹೋಯಿತು.

ಮುಟ್ಟಿನ ದಿನಗಳ ಮಾತನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಹೆಣ್ಣುಮಕ್ಕಳು ನನ್ನನ್ನು ಹೆಚ್ಚಾಗಿ ಕೇಳುವುದೇ ಅದನ್ನು. ಬಸವಣ್ಣನವರ ಕಾಲದ ಶಿವಭಕ್ತರಾದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಒಪ್ಪಲಿಲ್ಲ. ಲಿಂಗ ಮೈಮೇಲೆ ಸದಾ ಇರುವುದಾದರೆ ಆ ಮೈ ಮೂರು ದಿನ ಮಾತ್ರ ಮೈಲಿಗೆಯಾಗುವುದು ಹೇಗೆ? ಆದರೂ ನಮ್ಮ ಮನೆಯಲ್ಲೇ "ಆ ದಿನ ಲಿಂಗ ಮುಟ್ಟಬೇಡ" ಎಂದವರಿದ್ದರು. ನಾನು ಅವರೊಡನೆ ಜಗಳಕ್ಕೆ ನಿಲ್ಲಲಿಲ್ಲ, ಪೂಜೆಯನ್ನು ಬಿಡಲೂ ಇಲ್ಲ. ಹೊಟ್ಟೆನೋವು ಹೆಚ್ಚಿದ್ದರೆ ಗೋಡೆಗೆ ಒರಗಿ ಕುಳಿತು ಮಾಡುತ್ತೇನೆ. 800 ವರ್ಷಗಳಿಗೂ ಹಿಂದೆ ಅಕ್ಕಮಹಾದೇವಿಗೆ, ನೀಲಾಂಬಿಕೆಗೆ ದೊರೆತ ಅಧಿಕಾರವನ್ನು ನಾವು ಇಂದು ಯಾರಿಂದಲೋ ಬೇಡಿ ಪಡೆಯಬೇಕೆ? ಈ ಪೂಜೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ: ಲಿಂಗಕ್ಕೂ ನನಗೂ ನಡುವೆ ನಿಂತು, ನೀನು ದೂರವಿರು ಎನ್ನಲು ಯಾರಿಗೂ ಜಾಗವಿಲ್ಲ.

ಗುಡಿಗಳ ಬಗ್ಗೆ ನನಗೆ ಅನಾದರವಿಲ್ಲ. ಕೃಷ್ಣಾ ಮಲಪ್ರಭಾ ಕೂಡುವ ಕೂಡಲಸಂಗಮಕ್ಕೆ ಹೋದಾಗಲೆಲ್ಲ ಸಂಗಮನಾಥನ ಮುಂದೆ ತುಂಬಾ ಹೊತ್ತು ಕೂರುತ್ತೇನೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿ ಲಿಂಗಗಳನ್ನು ಸ್ಥಾಪಿಸಿದ ಮಹಾನುಭಾವರು. ಅಂಥವರೂ ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು ಎಂಬುದನ್ನು ನೆನೆದಾಗ ನನ್ನ ಅಂಗೈಯ ಮೇಲಿನ ಗೌರವ ಹೆಚ್ಚುತ್ತದೆ. ನಮ್ಮ ಕಾಲದವರಲ್ಲಿ ನನಗೆ ಆದರ್ಶ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ. 2019ರಲ್ಲಿ, 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಅವರು ಸಾವಿರಾರು ಮಕ್ಕಳ ಅನ್ನ, ಅಕ್ಷರದ ಹೊಣೆಯ ನಡುವೆ, ಇಳಿವಯಸ್ಸಿನಲ್ಲೂ ಇಷ್ಟಲಿಂಗ ಪೂಜೆಯನ್ನು ಬಿಟ್ಟವರಲ್ಲ. ಬಿಡುವಿಲ್ಲ ಎನ್ನುವ ಮಾತು ನನ್ನ ಬಾಯಿಗೆ ಬಂದಾಗ ಅವರು ನೆನಪಾಗುತ್ತಾರೆ. ರೈಲಿನಲ್ಲಿ ಮೇಲಿನ ಬರ್ತಿನ ಮೇಲೆ ಕುಳಿತು, ಬಾಟಲಿಯ ನೀರಿನಲ್ಲಿ ಕೈತೊಳೆದು, ಸೀರೆಯ ಸೆರಗನ್ನು ಮರೆ ಮಾಡಿಕೊಂಡು ಪೂಜೆ ಮಾಡಿದ್ದೇನೆ. ದೀಪದ ಬದಲು ಬೋಗಿಯ ದೀಪದ ಬೆಳಕೇ ಬಿಂದುವಾಯಿತು.

ಅವ್ವ ತೀರಿಕೊಂಡಾಗ ನಮ್ಮ ಪದ್ಧತಿಯಂತೆ ಕುಳ್ಳಿರಿಸಿ ಸಮಾಧಿ ಮಾಡಿದೆವು. ಜಗಲಿಯ ಮೇಲಿದ್ದ ಅವಳ ಲಿಂಗವನ್ನು ಅಯ್ಯನವರು ಅವಳ ಎಡಗೈಯಲ್ಲಿಟ್ಟು, ವಿಭೂತಿ, ಪತ್ರೆ ತುಂಬಿ ಮಣ್ಣು ಕೊಟ್ಟರು. ಆಸ್ತಿ, ಒಡವೆ ಎಲ್ಲ ನಮಗೆ ಉಳಿದವು. ಲಿಂಗ ಅವಳೊಂದಿಗೇ ಹೋಯಿತು. ಮರುದಿನ ಬೆಳಿಗ್ಗೆ ನಾನು ಪೂಜೆಗೆ ಕುಳಿತೆ. ಸೂತಕದ ಮನೆಯಲ್ಲಿ ಪೂಜೆಯೇ ಎಂದು ಅತ್ತೆಯೊಬ್ಬರು ಕೇಳಿದರು. "ಅವ್ವ ಲಿಂಗದಲ್ಲಿ ಐಕ್ಯಳಾಗಿದ್ದಾಳೆ ಅತ್ತೆ, ಸೂತಕ ಎಲ್ಲಿಂದ ಬರಬೇಕು?" ಎಂದೆ. ಅಂದು ದೃಷ್ಟಿ ನಿಲ್ಲಲಿಲ್ಲ, ಬಿಂದು ನೀರಿನಲ್ಲಿ ಅಲುಗಾಡುತ್ತಲೇ ಇತ್ತು. ಆದರೂ ಲಿಂಗ ಹಿಡಿದ ಕೈಯನ್ನು ಇಳಿಸಲಿಲ್ಲ.

ನಿಮ್ಮ ಮನೆಯ ಜಗಲಿಯ ಮೇಲೂ ನಿಮ್ಮ ಲಿಂಗ ಇದ್ದರೆ ಮೊದಲು ಕರಡಿಗೆ ಬಿಚ್ಚಿ ನೋಡಿ. ಕಂತಿ ಸವೆದಿದ್ದರೆ, ಬಿರುಕು ಬಿಟ್ಟಿದ್ದರೆ ಹತ್ತಿರದ ಮಠಕ್ಕೆ ಒಯ್ದು ಸರಿಪಡಿಸಿಕೊಳ್ಳಿ. ಲಿಂಗವನ್ನು ಕೊರಳಿಗೆ ಕಟ್ಟುವ ಶಿವದಾರ ಹಳೆಯದಾಗಿದ್ದರೆ ಹೊಸದು ಹಾಕಿ. ಶ್ರಾವಣದಲ್ಲಿ ಅನೇಕ ಮಠಗಳು ಸಾಮೂಹಿಕ ಇಷ್ಟಲಿಂಗ ಪೂಜೆ ನಡೆಸುತ್ತವೆ, ಹೊಸಬರು ಅಲ್ಲಿ ಹಿರಿಯರ ಪಕ್ಕದಲ್ಲಿ ಕುಳಿತು ಕೈ ಹಿಡಿಯುವ ಎತ್ತರ, ದೀಪ ಇಡುವ ಜಾಗ ಕಲಿಯಬಹುದು. ಮನೆಯಲ್ಲಿ ಶುರು ಮಾಡುವಾಗ ಮಂತ್ರಗಳ ಉದ್ದನೆಯ ಪಟ್ಟಿ ಬೇಡ, ಷಡಕ್ಷರಿ ಒಂದೇ ಸಾಕು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಹೆಣ್ಣುಮಕ್ಕಳನ್ನು ಮೊದಲು.