ಮಗಳು ಮಾತ್ರೆ ನುಂಗಲು ಕಲಿತ ಕ್ರಮ

ಎಂಟು ವರ್ಷದ ಮಗಳ ಬಾಯಿಗೆ ಮಾತ್ರೆ ಹಾಕಿದರೆ ನೀರಷ್ಟೇ ಒಳಗಿಳಿದು, ಮಾತ್ರೆ ನಾಲಿಗೆಯ ಮೇಲೆಯೇ ಕರಗಿ ಕಹಿಯಾಗಿ ಹೊರಬರುತ್ತಿತ್ತು. ಪುಡಿ ಮಾಡಿ ಜೋನಿ ಬೆಲ್ಲದಲ್ಲಿ ಕಲಸಿದರೂ ಕಹಿ ಅಡಗಲಿಲ್ಲ; ಮೇಲಾಗಿ, ನಿಧಾನವಾಗಿ ಔಷಧ ಬಿಡುವ ಮಾತ್ರೆಗಳನ್ನು ಪುಡಿ ಮಾಡಲೇಬಾರದೆಂದು ಶಿರಸಿಯ ಔಷಧ ಅಂಗಡಿಯವರು ಎಚ್ಚರಿಸಿದರು. ಬಾಳೆಹಣ್ಣಿನಲ್ಲಿಟ್ಟರೆ ಅಗಿದುಬಿಡುತ್ತಿದ್ದಳು.

ಫಲಿಸಿದ್ದು ಆರೋಗ್ಯವಾಗಿದ್ದ ದಿನಗಳ ಅಭ್ಯಾಸ. ದಿನಕ್ಕೆ 5 ನಿಮಿಷ ನೆಟ್ಟಗೆ ಕೂರಿಸಿ, ಮೊದಲು ಬೇಯಿಸಿದ ಸಾಬಕ್ಕಿಯ ಒಂದೇ ಕಾಳು, ಆಮೇಲೆ ಸಕ್ಕರೆ ಲೇಪಿಸಿದ ಜೀರಿಗೆ, ಕೊನೆಗೆ ಮಾತ್ರೆ. ಒಂದು ಗಾತ್ರ ಸತತ 3 ಬಾರಿ ಸಲೀಸಾಗಿ ಇಳಿಯುವವರೆಗೆ ಮುಂದಿನದನ್ನು ಕೊಡಲಿಲ್ಲ. ಪ್ರತಿ ಸಲವೂ ಒಂದು ಗುಟುಕು ನೀರಿನಿಂದ ಗಂಟಲು ಒದ್ದೆ ಮಾಡಿಕೊಂಡು, ನಾಲಿಗೆಯ ನಡುವೆ ಇಟ್ಟು, ದೊಡ್ಡ ಗುಟುಕಿನೊಡನೆ ನುಂಗಬೇಕು. ಕ್ಯಾಪ್ಸೂಲ್‌ಗೆ ತಲೆ ಹಿಂದಕ್ಕೆ ಎತ್ತಿಸುತ್ತಿದ್ದುದೇ ನಮ್ಮ ತಪ್ಪು: ಅದು ನೀರಿನಲ್ಲಿ ತೇಲುವುದರಿಂದ, ಗದ್ದವನ್ನು ಎದೆಯತ್ತ ಬಾಗಿಸಿದಾಗಲೇ ಗಂಟಲ ಕಡೆಗೆ ಸರಿಯುತ್ತದೆ.